ಎಣ್ಣೆ ತಾಗಿದ ಮೀನಿನ ಮೊಟ್ಟೆ ನೋಡುವ ಬಗೆ

ಕಚ್ಚಾ ತೈಲ ಮೀನಿನ ಮೊಟ್ಟೆಗೆ ಏನು ಮಾಡುತ್ತದೆಂದು ನೋಡುವ ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು: ಸತ್ತ ಮೊಟ್ಟೆ ಎಣಿಸಿ ಎದ್ದು ಹೋಗಬೇಡಿ, ಬದುಕಿರುವ ಭ್ರೂಣದ ಎದೆ ನೋಡಿ. ಜೀಬ್ರಾಮೀನಿನ ಮೊಟ್ಟೆ ಪಾರದರ್ಶಕ; ಸುಮಾರು 28 ಡಿಗ್ರಿ ನೀರಿನಲ್ಲಿಟ್ಟರೆ ಎರಡನೇ ದಿನ ಹೃದಯದ ಬಡಿತ ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಚ್ಚಾ ತೈಲದಲ್ಲಿರುವ ಫಿನಾಂತ್ರೀನ್‌ನಂಥ ಸಂಯುಕ್ತಗಳು ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಗೆ ಅಡ್ಡ ಬರುತ್ತವೆ. ಬಡಿತ ನಿಧಾನವಾಗುತ್ತದೆ, ಹೃದಯದ ಸುತ್ತ ನೀರು ತುಂಬಿ ಎದೆ ಬಲೂನಿನ ಹಾಗೆ ಉಬ್ಬುತ್ತದೆ. ಆಮೇಲೆ ಬೆನ್ನು ಡೊಂಕಾಗಿದೆಯೇ, ದವಡೆ ಕುಗ್ಗಿದೆಯೇ ನೋಡಿ. ಹೋಲಿಸಿ ನೋಡಲು ಪಕ್ಕದಲ್ಲಿ ಎಣ್ಣೆ ತಾಗದ ಮೊಟ್ಟೆಗಳಿರುವ ಶುದ್ಧ ನೀರಿನದೊಂದು ತಟ್ಟೆ ಇರಲೇಬೇಕು. ಅದಿಲ್ಲದ ಲೆಕ್ಕವನ್ನು ನಾನು ಓದುವುದೂ ಇಲ್ಲ.

ಹಳೇ ಎಣ್ಣೆ ನಿರುಪದ್ರವಿ ಅಂದುಕೊಳ್ಳಬೇಡಿ. ಅಲಾಸ್ಕದಲ್ಲಿ 1989ರ ಎಕ್ಸಾನ್ ವಾಲ್ಡೀಜ್ ಎಂಬ ಹಡಗಿನ ತೈಲ ಸೋರಿಕೆಯ ನಂತರ, ಎಣ್ಣೆ ಹತ್ತಿದ ಹೊಳೆಗಳಲ್ಲಿ ಪಿಂಕ್ ಸಾಲ್ಮನ್ ಮೀನಿನ ಮೊಟ್ಟೆಗಳು 1993ರವರೆಗೂ ಹೆಚ್ಚಾಗಿ ಸಾಯುತ್ತಿದ್ದವು.