‘ಬೇಕಿದ್ದರೆ ಹಾಕಿಕೊಳ್ಳಿ’ ಎಂದು ಬರೆಯುವ ಮೊದಲು

ಬೆಟಗೇರಿಯ ಮುದ್ರಣಾಲಯವೊಂದರವರು ತಮ್ಮ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸಲು ನಾನು ಬರೆದ ಪುಟ್ಟ ಮುಕ್ತ ತಂತ್ರಾಂಶವನ್ನು ಹಾಕಿಕೊಂಡಿದ್ದರು. ಮರುದಿನವೇ ಧಾರವಾಡಕ್ಕೆ ಫೋನು ಬಂತು: ‘ಇಂಗ್ಲಿಷ್ ಹಾಳಿ ಛಲೋ ಓದತೈತ್ರಿ ಸರ, ಕನ್ನಡ ಹಾಳಿ ಹಾಕಿದ್ರ ಏನೇನೋ ಬರತೈತಿ.’ ಅವರು ಕಳಿಸಿದ ಕಡತದಲ್ಲಿ ಒಂದೂ ಕನ್ನಡ ಅಕ್ಷರವಿರಲಿಲ್ಲ. ರೋಮನ್ ಅಕ್ಷರ, ಅಂಕಿ, ಉದ್ಧರಣ ಚಿಹ್ನೆಗಳ ರಾಶಿಯಿತ್ತು. ಅಕ್ಷರ ಗುರುತಿಸುವ ಕೆಲಸಕ್ಕೆ ನನ್ನ ತಂತ್ರಾಂಶ ನೆಚ್ಚಿಕೊಂಡಿರುವುದು ಟೆಸೆರಾಕ್ಟ್ ಅನ್ನು. ಭಾಷೆ ಯಾವುದೆಂದು ಹೇಳದಿದ್ದರೆ ಅದು ಇಂಗ್ಲಿಷ್ ಎಂದೇ ಹಿಡಿಯುತ್ತದೆ. ಕನ್ನಡದ ದತ್ತಾಂಶ ಬೇರೆಯೇ ಪ್ಯಾಕೇಜಿನಲ್ಲಿ ಇರುತ್ತದೆ. ಆ ದತ್ತಾಂಶ ಸಿಗದಿದ್ದಾಗ ಸದ್ದಿಲ್ಲದೆ ಇಂಗ್ಲಿಷಿಗೆ ಹೊರಳುವಂತೆ ಬರೆದವನು ನಾನೇ. ಕೈಪಿಡಿಯ ಕೊನೆಯಲ್ಲಿ ‘ಐಚ್ಛಿಕ ಅವಲಂಬನೆಗಳು’, ಅಂದರೆ ಬೇಕಿದ್ದರೆ ಹಾಕಿಕೊಳ್ಳಬಹುದಾದ ಪೂರಕ ತಂತ್ರಾಂಶಗಳು, ಎಂಬ ತಲೆಬರಹದಡಿ ಒಂದು ಸಾಲು ಇತ್ತೆಂಬುದು ನಿಜ, ಆದರೆ ಅಷ್ಟು ದೂರ ಓದುವವರು ಯಾರು?

ಆದ್ದರಿಂದ ಇಂಥ ಎಡವಟ್ಟು ತಪ್ಪಿಸುವ ಮೊದಲ ಹಂತವೆಂದರೆ, ಆ ಅವಲಂಬನೆಗಳ ಪಟ್ಟಿಯನ್ನು ಬಳಕೆದಾರರ ಕೆಲಸದ ಪ್ರಕಾರ ಮತ್ತೆ ಬರೆಯುವುದು. ಗಿರಮಿಟ್ಟಿಗೆ ಚುರಮುರಿ ಬೇಕೇ ಬೇಕು, ಪಕ್ಕದ ಮಿರ್ಚಿ ಇಲ್ಲದಿದ್ದರೂ ನಡೆದೀತು. ಆದರೆ ಮಿರ್ಚಿಗೆಂದೇ ಅಂಗಡಿಗೆ ಬಂದವರಿಗೆ ಅದು ಐಚ್ಛಿಕವಲ್ಲ. ಲಿನಕ್ಸ್ ವ್ಯವಸ್ಥೆಗಳಲ್ಲೊಂದಾದ ಡೆಬಿಯನ್ ಇದನ್ನು ಮೂರು ದರ್ಜೆಗಳಲ್ಲಿ ಹೇಳುತ್ತದೆ: ಡಿಪೆಂಡ್ಸ್ ಇಲ್ಲದೆ ಕೆಲಸವಾಗದು, ರೆಕಮೆಂಡ್ಸ್ ಸಾಮಾನ್ಯವಾಗಿ ಜೊತೆಗಿರಬೇಕಾದದ್ದು, ಸಜೆಸ್ಟ್ಸ್ ಇದ್ದರೆ ಅನುಕೂಲ. ಅಲ್ಲಿ ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ಮೊದಲೆರಡನ್ನು ತಾನಾಗಿ ತರುತ್ತದೆ, ಮೂರನೆಯದನ್ನು ತರುವುದಿಲ್ಲ. ‘ಟೆಸೆರಾಕ್ಟ್ ಕನ್ನಡ ದತ್ತಾಂಶ: ಐಚ್ಛಿಕ’ ಎನ್ನುವ ಬದಲು ‘ಕನ್ನಡ ಪುಟಗಳನ್ನು ಓದಿಸಲು: ಟೆಸೆರಾಕ್ಟ್ ಕನ್ನಡ ದತ್ತಾಂಶ’ ಎಂದು ಬರೆದರೆ ಓದುವವರಿಗೆ ತಮ್ಮ ಸಾಲು ಯಾವುದೆಂದು ತಿಳಿಯುತ್ತದೆ.

ಎರಡನೆಯದು, ಕೊರತೆಯನ್ನು ಯಾವಾಗ ಪತ್ತೆ ಮಾಡಬೇಕೆಂಬುದು. ಪೈಥಾನ್‌ನಲ್ಲಿ ಬರೆಯುವವರು ಐಚ್ಛಿಕ ಮಾಡ್ಯೂಲ್‌ಗಳನ್ನು ಕಡತದ ತಲೆಯಲ್ಲೇ ಇಂಪೋರ್ಟ್ ಮಾಡಿದರೆ (ಎಂದರೆ ಒಳಗೆ ಕರೆದುಕೊಂಡರೆ), ಅವು ಹಾಕಿರದ ಕಂಪ್ಯೂಟರಿನಲ್ಲಿ ಅವು ಬೇಡವಾದವರಿಗೂ ತಂತ್ರಾಂಶ ತೆರೆಯುವುದಿಲ್ಲ; ಅವನ್ನು ಬಳಸುವ ಫಂಕ್ಷನ್ನಿನೊಳಗೆ ಇಂಪೋರ್ಟ್ ಮಾಡಬೇಕು. ಆಗ ಬರುವ ಇಂಪೋರ್ಟ್ ಎರರ್‌ಗಳನ್ನೆಲ್ಲ ಒಟ್ಟಾಗಿ ಹಿಡಿದು ‘ಮಾಡ್ಯೂಲ್ ಇಲ್ಲ’ ಎಂದು ಸಾರುವುದೂ ತಪ್ಪು, ಏಕೆಂದರೆ ಮಾಡ್ಯೂಲ್ ಇದ್ದು ಅದರೊಳಗೇ ಏನೋ ಮುರಿದಿರಬಹುದು. ಸಿಗದೇ ಹೋದ ಹೆಸರು ನಾವು ಹುಡುಕಿದ್ದೇ ಹೌದೇ ಎಂದು ನೋಡಿ, ಅಲ್ಲವಾದರೆ ಮೂಲ ದೋಷವನ್ನು ಹಾಗೆಯೇ ಹೊರಗೆ ಬಿಡಬೇಕು. ಪೈಟೆಸೆರಾಕ್ಟ್‌ನಂಥ ಹೊದಿಕೆಗಳಲ್ಲಿ, ಅಂದರೆ ಬೇರೊಂದು ಪ್ರೋಗ್ರಾಮನ್ನು ಪೈಥಾನ್‌ನಿಂದ ನಡೆಸಿಕೊಡುವ ಮಾಡ್ಯೂಲ್‌ಗಳಲ್ಲಿ, ಇನ್ನೊಂದು ತೊಡಕಿದೆ: ಪೈಥಾನ್ ಪ್ಯಾಕೇಜುಗಳನ್ನು ತರುವ ಪಿಪ್ ಹೊದಿಕೆಯನ್ನಷ್ಟೇ ತರುತ್ತದೆ, ಟೆಸೆರಾಕ್ಟ್ ಎಂಬ ಮೂಲ ಪ್ರೋಗ್ರಾಮನ್ನು ತರುವುದಿಲ್ಲ. ಆದ್ದರಿಂದ ಹೊದಿಕೆ, ಪ್ರೋಗ್ರಾಮು, ಭಾಷಾ ದತ್ತಾಂಶ ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ. ಇನ್ನು ಸದ್ದಿಲ್ಲದ ಪರ್ಯಾಯವಂತೂ ಬೇಡವೇ ಬೇಡ. ಇನ್ನೂರು ಪುಟ ಕಸ ಕೊಡುವುದಕ್ಕಿಂತ ಮೊದಲ ಪುಟದಲ್ಲೇ ನಿಲ್ಲುವುದು ಮೇಲು.

ಹೆಚ್ಚು ಶ್ರಮ ಬೇಡುವುದು ಕೊರತೆಯನ್ನು ತಿಳಿಸುವ ಸಂದೇಶದ ಬರವಣಿಗೆ. ಪೈಥಾನ್‌ನಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಪ್ಯಾಂಡಾಸ್ ಈ ವಿಷಯದಲ್ಲಿ ತಕ್ಕಮಟ್ಟಿಗೆ ಒಳ್ಳೆಯ ಮಾದರಿ: ಬ್ಯಾಡಗಿ ಮೆಣಸಿನಕಾಯಿ ದರಗಳ ಎಕ್ಸೆಲ್ ಕಡತವನ್ನು ತೆರೆಯಹೋದವರಲ್ಲಿ ಅದಕ್ಕೆ ಬೇಕಾದ ಓಪನ್‌ಪೈಎಕ್ಸ್‌ಎಲ್ ಎಂಬ ಮಾಡ್ಯೂಲ್ ಇಲ್ಲದಿದ್ದರೆ, ಅದು ಆ ಹೆಸರನ್ನೇ ಹೇಳಿ, ಪಿಪ್ ಅಥವಾ ಅದರಂಥದೇ ಆದ ಕಾಂಡಾ ಬಳಸಿ ಹಾಕಿಕೊಳ್ಳಿ ಎನ್ನುತ್ತದೆ. ನಾನು ಅದಕ್ಕೆ ಇನ್ನೆರಡು ಮಾತು ಸೇರಿಸಿದೆ: ಯಾವ ಕೆಲಸ ನಿಂತಿತು, ಯಾವುದು ಈಗಲೂ ನಡೆಯುತ್ತದೆ. ಹೊಸ ಸಂದೇಶ ಹೀಗಿದೆ: ‘ಈ ಪುಟವನ್ನು ಕನ್ನಡದಲ್ಲಿ ಓದಲಾಗಲಿಲ್ಲ, ಏಕೆಂದರೆ ಟೆಸೆರಾಕ್ಟ್‌ನ ಕನ್ನಡ ದತ್ತಾಂಶ ಈ ಕಂಪ್ಯೂಟರಿನಲ್ಲಿಲ್ಲ. ಇಂಗ್ಲಿಷ್ ಪುಟಗಳಿಗೆ ತೊಂದರೆಯಿಲ್ಲ. ಕೆಳಗಿನ ಕಮಾಂಡ್ ಕೊಟ್ಟು, ಇದೇ ಕೆಲಸವನ್ನು ಮತ್ತೆ ಮಾಡಿ.’ ಕಮಾಂಡ್ ಒಂದೇ ಇರಬೇಕು, ಅದು ಆ ಕಂಪ್ಯೂಟರಿನದೇ ಆಗಿರಬೇಕು. ಇದೇ ದತ್ತಾಂಶಕ್ಕೆ ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಟೆಸೆರಾಕ್ಟ್-ಓಸಿಆರ್-ಕನ್’ ಎಂದು ಹೆಸರು, ಫೆಡೋರಾದಲ್ಲಿ ‘ಟೆಸೆರಾಕ್ಟ್-ಲ್ಯಾಂಗ್‌ಪ್ಯಾಕ್-ಕನ್’ ಎಂದು ಹೆಸರು. ಯಾವ ವ್ಯವಸ್ಥೆಯೆಂದು ಪತ್ತೆಹಚ್ಚುವುದು ತಂತ್ರಾಂಶಕ್ಕೆ ಕಷ್ಟವಲ್ಲ, ಬಳಕೆದಾರರಿಗೆ ಕಷ್ಟ.

ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್‌ನಲ್ಲಿ ‘ಡಾಕ್ಟರ್’ ಎಂಬ ಕಮಾಂಡ್ ಇದೆ. ಏನಿದೆ, ಏನಿಲ್ಲ ಎಂದು ಒಂದೇ ನೋಟಕ್ಕೆ ತೋರಿಸುತ್ತದೆ. ಅಂಥದ್ದೊಂದು ನಿಮ್ಮದರಲ್ಲಿಯೂ ಇದ್ದರೆ ಫೋನಿನಲ್ಲಿ ವಿಚಾರಿಸುವ ಹೊತ್ತು ಉಳಿಯುತ್ತದೆ.

ಕೊನೆಯ ಹಂತ ಪರೀಕ್ಷೆ. ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲವೂ ಮೊದಲೇ ಇರುವುದರಿಂದ ಅಲ್ಲಿ ಈ ಸಂದೇಶ ಎಂದೂ ಕಾಣಿಸಿಕೊಳ್ಳುವುದಿಲ್ಲ. ಏನೂ ಇಲ್ಲದ ಹೊಸ ಕಂಟೇನರಿನಲ್ಲಿ (ಕಂಪ್ಯೂಟರಿನೊಳಗೇ ಬೇರೆಯಾಗಿ ನಡೆಯುವ ಖಾಲಿ ಪರಿಸರದಲ್ಲಿ) ತಂತ್ರಾಂಶವನ್ನಷ್ಟೇ ಹಾಕಿ, ಪ್ರತಿಯೊಂದು ಕೊರತೆಯನ್ನೂ ಬೇಕೆಂದೇ ಎದುರಿಸಿ, ಸಂದೇಶ ಹೇಳಿದ್ದನ್ನು ಅಕ್ಷರಶಃ ಮಾಡಿ ನೋಡಬೇಕು. ನಾನು ಅಷ್ಟನ್ನೂ ಮಾಡಿ, ತೃಪ್ತನಾಗಿ, ಹೊಸ ಆವೃತ್ತಿಯನ್ನು ಬೆಟಗೇರಿಗೆ ಕಳಿಸಿದೆ. ಹತ್ತೇ ನಿಮಿಷದಲ್ಲಿ ಮತ್ತೆ ಫೋನು: ‘ನೀವು ಹೇಳಿದ್ದ ಹೊಡದೇವ್ರಿ, ಪಾಸ್‌ವರ್ಡ್ ಕೇಳಾಕತ್ತೇತಿ. ಯಾವ್ದ ಕೊಡ್ಲಿ? ಹೊಡದ್ರ ಪರದೆ ಮ್ಯಾಲೆ ಏನೂ ಕಾಣವಲ್ತು.’ ಕಂಟೇನರಿನಲ್ಲಿ ಎಲ್ಲವನ್ನೂ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನಾಗಿ, ನಡೆಸಿದ್ದ ನನಗೆ ಆ ಪ್ರಶ್ನೆ ಎದುರಾಗಿಯೇ ಇರಲಿಲ್ಲ. ಈಗ ಕಮಾಂಡಿನ ಕೆಳಗೆ ಇನ್ನೊಂದು ಸಾಲಿದೆ: ‘ಕಂಪ್ಯೂಟರಿಗೆ ಲಾಗಿನ್ ಆಗುವ ಪಾಸ್‌ವರ್ಡನ್ನೇ ಕೊಡಿ, ಟೈಪ್ ಮಾಡುವಾಗ ಅಕ್ಷರಗಳು ಕಾಣದಿದ್ದರೂ ಅದು ದಾಖಲಾಗುತ್ತಿರುತ್ತದೆ.’