ಎರಡು ಬಣ್ಣ, ನಾಲ್ಕು ತುಂಡು ಬೋರ್ಡ್

ಹೋದ ವರ್ಷ ಒಂದು ಮನೆಯ ಕೆಲಸದಲ್ಲಿ 10 ಲೀಟರ್ ಬೂದು ಬಣ್ಣ ನನ್ನ ತಲೆಗೇ ಬಂತು. ಶೇಡ್ ಕಾರ್ಡಿನಲ್ಲಿ ಬೂದು ಬಣ್ಣವಾಗಿದ್ದದ್ದು ಗೋಡೆ ಮೇಲೆ ನೀಲಿಯಾಗಿ ಕೂತಿತ್ತು. ಮಷೀನಲ್ಲಿ ಮಿಕ್ಸ್ ಮಾಡಿಸಿದ್ದನ್ನು ಅಂಗಡಿಯವರು ವಾಪಸ್ ತಗೊಳ್ಳಲ್ಲ, ಗೊತ್ತಲ್ವಾ. ಹತ್ತಿರ ಹತ್ತಿರ 4,000 ಹೋಯಿತು. ಹುಡುಗರ ಎರಡು ದಿನದ ಕೂಲಿ ಬೇರೆ.

ಈ ಸಲ ಮೈಸೂರಿನ ಹಳೇ ಮನೆ. ಕಿಟಕಿ ಉತ್ತರಕ್ಕೆ, ನೆಲ ರೆಡ್ ಆಕ್ಸೈಡ್. ಅಮ್ಮಾವ್ರಿಗೆ ತಿಳಿ ಬೂದು ಬೇಕು, ಯಜಮಾನ್ರಿಗೆ ಕೆನೆ ಬಣ್ಣ. ಮೊದಲು ಗೋಡೆಗೇ ಎರಡು ಪ್ಯಾಚ್ ಹೊಡೆದೆ. ಹಳೇ ಪಿಸ್ತಾ ಹಸಿರಿನ ಪಕ್ಕದಲ್ಲಿ ಕೆನೆ ಗುಲಾಬಿಯಾಗಿ ಕಾಣಿಸಿತು. ದಂಡ.

ಆಮೇಲೆ ಸೀಲಿಂಗ್ ಕೆಲಸದಲ್ಲಿ ಉಳಿದಿದ್ದ ಜಿಪ್ಸಂ ಬೋರ್ಡಿನ ನಾಲ್ಕು ತುಂಡು ತಂದೆ, 2 ಅಡಿಗೆ 3 ಅಡಿ. ಪ್ರೈಮರ್ ಹಾಕಿ, ಸುತ್ತ ಎರಡು ಇಂಚು ಬಿಳಿ ಬಿಟ್ಟು ಎರಡೆರಡು ಕೋಟ್ ಹೊಡೆದೆ. 200 ಎಂ.ಎಲ್. ಸ್ಯಾಂಪಲ್ ಡಬ್ಬಿ ಎರಡು ಸಾಕಾಯಿತು. 300ರ ಆಸುಪಾಸು ಖರ್ಚು. ಒಂದೇ ಬಣ್ಣದ ಎರಡು ಬೋರ್ಡನ್ನು ತೆರೆದ ಪುಸ್ತಕದ ಹಾಗೆ ಮೂಲೆಗೆ ನಿಲ್ಲಿಸಿದೆ. ನೋಡಿ, ಎರಡು ಬೋರ್ಡ್ ಸೇರೋ ಮೂಲೆಯಲ್ಲಿ ಬಣ್ಣ ಒಂದು ಶೇಡ್ ಗಾಢವಾಗುತ್ತೆ. ರೂಮಿನಲ್ಲಿ ಎದುರುಬದುರು ಗೋಡೆಗಳು ಮಾಡೋದೂ ಅದನ್ನೇ. ಒಂಟಿ ಪ್ಯಾಚಿನಲ್ಲಿ ಇದು ಕಾಣಲ್ಲ.

ಜೊತೆಗಿದ್ದ ಮೇಸ್ತ್ರಿ ನಕ್ಕ. "ಬಣ್ಣ ಹೊಡೆಯೋಕೆ ಬಂದ್ಯೋ, ನಾಟಕದ ಪರದೆ ಕಟ್ಟೋಕೋ?" ಅಂದ.

ಬೆಳಿಗ್ಗೆ 8ಕ್ಕೆ ಬೂದು ಪೂರ್ತಿ ನೀಲಿ. ಸಂಜೆ ಬಿಳಿ ಎಲ್‌ಇಡಿ ಹಾಕಿದರೆ ಇನ್ನೂ ಮೋಸ, ಆಸ್ಪತ್ರೆ ವಾರ್ಡ್ ಥರ. ಅಮ್ಮಾವ್ರು ತಾವೇ ಬೇಡ ಅಂದರು. ಆದರೆ ಕೆನೆಯೂ ಕೆಳಗಡೆ ಕೆಂಪಡರಿತ್ತು. ಸುಮ್ನೆ ಒಂದು ಅನುಮಾನ ಬಂತು. ಯಜಮಾನ್ರ ಬಿಳಿ ಪಂಚೆ ಕೇಳಿ ಬೋರ್ಡಿನ ಮುಂದೆ ನೆಲಕ್ಕೆ ಹಾಸಿದೆ. ಕೆಂಪು ಮಾಯ! ಪಂಚೆ ಎಳೆದೆ, ವಾಪಸ್ ಬಂತು. ನಾಲ್ಕು ಸಲ ಹೀಗೇ ಮಾಡಿ ನೋಡಿದ್ವಿ, ಮನೆಯವರಿಗೆಲ್ಲ ಆಟ ಆಗಿಹೋಯಿತು.

ನೆಲ ಬದಲಿಸೋಕಾಗಲ್ಲ. ಕೆಂಪು ತಗ್ಗಿಸೋಕೆ ಕೆನೆಗೇ ಒಂದು ಚೂರು ಹಸಿರು ಸ್ಟೇನರ್, ಅಂದರೆ ಪೇಂಟಿಗೆ ಬೆರೆಸೋ ಗಾಢ ಬಣ್ಣ, ಬಿಟ್ಟೆ. ಲೀಟರಿಗೆ ಎಷ್ಟು, ಜೊತೆಗೆ ಇನ್ನೇನು ಹಾಕಿದೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಮೂರನೇ ಸಲಕ್ಕೆ ಸರಿಯಾಗಿ ಕೂತಿತು. ಪೂರ್ತಿ ರೂಮು 8 ಲೀಟರಿನಲ್ಲಿ ಮುಗಿಯಿತು, ಒಂದು ತೊಟ್ಟೂ ದಂಡ ಆಗಲಿಲ್ಲ.

ನಕ್ಕಿದ್ದ ಮೇಸ್ತ್ರಿ ಮೊನ್ನೆ ಬಂದು ಎರಡು ಬೋರ್ಡ್ ಇಸ್ಕೊಂಡು ಹೋಗಿದ್ದಾನೆ. ಇನ್ನೂ ವಾಪಸ್ ಕೊಟ್ಟಿಲ್ಲ.