ಸುರಂಗದ ಏರು ಹತ್ತದ ಗಾಡಿಗೆ ಹೊಸ ಡ್ರೈವ್ ಕ್ಲಚ್: ನನ್ನ ಅನುಭವ

ಅಟ್ಲಾಂಟಾದಿಂದ ದಕ್ಷಿಣಕ್ಕಿರುವ ನಮ್ಮ ಪೀಚ್‌ಟ್ರೀ ಸಿಟಿಯಲ್ಲಿ ಗಾಲ್ಫ್ ಆಡದವರ ಮನೆಯಲ್ಲೂ ಗಾಲ್ಫ್ ಕಾರ್ಟ್ ಇರುತ್ತದೆ. ಮರಗಳ ನಡುವೆ, ಕೆರೆ ದಂಡೆಯ ಪಕ್ಕ 100 ಮೈಲಿಗಿಂತ ಉದ್ದದ ಕಾರ್ಟ್ ದಾರಿಗಳಿವೆ. ಅಂಗಡಿಗೆ ಹೋಗುವುದಕ್ಕೂ ಅದೇ, ಗ್ರಂಥಾಲಯಕ್ಕೂ ಅದೇ. ಹೈಸ್ಕೂಲು ಹುಡುಗರು ಶಾಲೆಗೆ ಅದರಲ್ಲೇ ಹೋಗುತ್ತಾರೆ. ದೊಡ್ಡ ರಸ್ತೆ ಅಡ್ಡ ಬಂದ ಕಡೆ ದಾರಿ ಸುರಂಗಕ್ಕಿಳಿದು ಆಚೆ ಮೇಲೆದ್ದು ಬರುತ್ತದೆ. ನನ್ನ ಗಾಡಿ ಸೋಲುತ್ತಿದ್ದುದು ಆ ಮೇಲೇಳುವ ಜಾಗದಲ್ಲೇ.

ಗಾಡಿ ಆಗಸ್ಟಾದಲ್ಲಿ ತಯಾರಾದ, ಇ-ಝಡ್-ಗೋ ಕಂಪನಿಯ ಹಳೆಯ ಪೆಟ್ರೋಲ್ ಕಾರ್ಟ್. ನಾನು ಕೊಳ್ಳುವ ಹೊತ್ತಿಗೇ ಹಿಂದಿನ ಮಾಲೀಕರು ಅದರ 295 ಸಿಸಿ ಎರಡು ಸಿಲಿಂಡರಿನ ಎಂಜಿನ್ ತೆಗೆದು 420 ಸಿಸಿಯ ಒಂದು ಸಿಲಿಂಡರಿನ ಎಂಜಿನ್ ಕೂರಿಸಿದ್ದರು. ಗಾಡಿಯನ್ನು ಎತ್ತರಿಸಿ 22 ಇಂಚಿನ ಟೈರ್ ಹಾಕಿದ್ದರು. ಇಷ್ಟು ದೊಡ್ಡ ಎಂಜಿನ್ ಇದ್ದೂ ನಾಲ್ಕು ಜನ ಕೂತರೆ ಏರಿನಲ್ಲಿ ಎಂಜಿನ್ ಗುಡುಗುಡು ಎಂದು ಕುಗ್ಗುತ್ತಿತ್ತು. ಬೇಸಿಗೆಯಲ್ಲಿ ಹಾಸನದಿಂದ ಬಂದಿದ್ದ ಅಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದರು. "ರಬ್ಬರ್ ಸುಟ್ಟ ವಾಸ್ನೆ ಬರ್ತಿದೆ ಕಣೋ, ನಿಲ್ಸು" ಅಂದರು. ನಿಲ್ಲಿಸಿ ಸೀಟು ಎತ್ತಿ ನೋಡಿದರೆ ಬೆಲ್ಟ್‌ನ ಎರಡೂ ಬದಿ ಗಾಜಿನ ಹಾಗೆ ಹೊಳೆಯುತ್ತಿದ್ದವು. ಬೆರಳಿಟ್ಟರೆ ಜಾರುತ್ತಿತ್ತು.

ಆಕ್ಟಿವಾದ ಬೆಲ್ಟ್ ಕವರ್ ಬಿಚ್ಚಿ ನೋಡಿದವರಿಗೆ ಈ ವ್ಯವಸ್ಥೆ ಹೊಸದಲ್ಲ. ಎಂಜಿನ್ನಿನ ಶಾಫ್ಟ್ ಮೇಲೆ ಒಂದು ಪುಲ್ಲಿ, ಅದೇ ಡ್ರೈವ್ ಕ್ಲಚ್. ಹಿಂದಿನ ಆಕ್ಸಲ್ ಕಡೆ ಇನ್ನೊಂದು, ಅದು ಡ್ರಿವನ್ ಕ್ಲಚ್. ನಡುವೆ ಅಗಲದ ವಿ-ಬೆಲ್ಟ್. ಎಂಜಿನ್ ವೇಗ ಹೆಚ್ಚಿದಂತೆ ಡ್ರೈವ್ ಕ್ಲಚ್‌ನೊಳಗಿನ ತೂಕಗಳು ಹೊರಗೆ ಚಿಮ್ಮಿ, ಸ್ಪ್ರಿಂಗನ್ನು ಅದುಮಿ, ಒಂದು ಕಡೆಯ ತಟ್ಟೆಯನ್ನು ಇನ್ನೊಂದರತ್ತ ತಳ್ಳುತ್ತವೆ. ಬೆಲ್ಟ್ ಹಿಡಿತಕ್ಕೆ ಸಿಕ್ಕಿ ಮೇಲೇರುತ್ತದೆ. ಬೆಲ್ಟ್ ಕೆಳಗಿದ್ದರೆ ಮೊದಲ ಗೇರಿನಂತೆ, ಅಂಚಿಗೆ ಬಂದರೆ ಟಾಪ್ ಗೇರಿನಂತೆ. ತೂಕವೂ ಸ್ಪ್ರಿಂಗೂ ಆ ಎಂಜಿನ್ನಿಗೆ ಹೊಂದದಿದ್ದರೆ ಬೆಲ್ಟ್ ಬೇಗ ಮೇಲೇರಿಬಿಡುತ್ತದೆ. ಏರಿನಲ್ಲಿ ಟಾಪ್ ಗೇರ್ ಹಾಕಿದ ಬಸ್ಸಿನ ಪಾಡೇ ಆಗ ಎಂಜಿನ್ನಿನದ್ದು.

ಟೈರಿನ ಲೆಕ್ಕವನ್ನೂ ನೋಡಿ. ಕಂಪನಿಯಿಂದ ಬರುವ 18 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 144 ಸೆಂ.ಮೀ. ಸಾಗುತ್ತದೆ, 22 ಇಂಚಿನದು 176. ಅಂದರೆ ಎಂಜಿನ್ ಮೇಲಿನ ಭಾರ 22 ಶೇಕಡಾ ಹೆಚ್ಚು. ಗಾಡಿ ಎತ್ತರಿಸಿದ ಎಷ್ಟೋ ಜನ ಈ ಲೆಕ್ಕ ಹಾಕುವುದೇ ಇಲ್ಲ. ಏರಿನಲ್ಲಿ ಸೋತಾಗ ಕಾರ್ಬುರೇಟರ್ ಬಿಚ್ಚಲು ಕೂರುತ್ತಾರೆ.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಎಂದು ತೋರಿಸುವ, ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ತಂದೆ. ಈ ಕೆಲಸಕ್ಕೆ ಮೊದಲು ಕೊಳ್ಳಬೇಕಾದ್ದು ಅದನ್ನೇ. ಅದಿಲ್ಲದೆ ಮಾಡುವುದೆಲ್ಲ ಊಹೆ. ಬೆಲ್ಟ್ ಹಿಡಿತಕ್ಕೆ ಸಿಗುತ್ತಿದ್ದುದು 1500 ಆರ್‌ಪಿಎಂಗೆ. ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೂ ಎಂಜಿನ್ 2200ಕ್ಕೆ ಕುಗ್ಗುತ್ತಿತ್ತು. ಈ ಎಂಜಿನ್ನಿನ ಪೂರ್ತಿ ಶಕ್ತಿ ಇರುವುದು 3600ರ ಹತ್ತಿರ. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಶಕ್ತಿಯಿದ್ದ ಜಾಗಕ್ಕೆ ಹೋಗಲು ಕ್ಲಚ್ ಬಿಡುತ್ತಿರಲಿಲ್ಲ.

ಇಷ್ಟು ತಿಳಿದ ಮೇಲೂ ನಾನು ಮೊದಲು ತಪ್ಪು ದಾರಿ ಹಿಡಿದೆ. ಹಳೇ ಕ್ಲಚ್‌ಗೇ ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಾಕು ಅಂದುಕೊಂಡೆ. ಹಿಡಿತ 2400ಕ್ಕೆ ಹೋಯಿತು, ನಿಂತ ಗಾಡಿ ಎಗರಿ ಹೊರಡತೊಡಗಿತು. ಸುರಂಗದ ಬಾಯಲ್ಲಿ ಏರಿನ ಮೇಲೆ ನಿಲ್ಲಿಸಿ ಮತ್ತೆ ಹೊರಟಾಗ ಡ್ರೈವ್ ಕ್ಲಚ್ ತಿರುಗುತ್ತಲೇ ಇತ್ತು, ಬೆಲ್ಟ್ ನಿಂತಲ್ಲೇ ನಿಂತು ಒಂದು ಕಡೆ ಸುಟ್ಟು ತೆಳ್ಳಗಾಯಿತು. ಆಮೇಲೆ ಪ್ರತಿ ಸುತ್ತಿಗೂ ಟಕ್ ಟಕ್ ಸದ್ದು. ಸ್ಪ್ರಿಂಗ್ ಮುಖ್ಯವಾಗಿ ನಿರ್ಧರಿಸುವುದು ಹಿಡಿತ ಯಾವಾಗ ಶುರುವಾಗಬೇಕು ಎಂಬುದನ್ನು. ಆಮೇಲೆ ಬೆಲ್ಟ್ ಎಷ್ಟು ಬೇಗ ಮೇಲೇರಬೇಕು ಎಂಬುದು ಬಹುಪಾಲು ತೂಕಗಳ ಕೈಯಲ್ಲಿದೆ. ಆ ಹಳೇ ಕ್ಲಚ್‌ನಲ್ಲಿ ತೂಕ ಬದಲಿಸಲು ಬರುತ್ತಲೇ ಇರಲಿಲ್ಲ. ತಟ್ಟೆಗಳೂ ಚಿಕ್ಕವು, ಸಣ್ಣ ಎಂಜಿನ್ನಿಗೆ ಮಾಡಿದ್ದವು.

ಹಾಗಾಗಿ ಅಗಲ ತಟ್ಟೆಯ, ತೂಕ ಮತ್ತು ಸ್ಪ್ರಿಂಗ್ ಎರಡನ್ನೂ ಬದಲಿಸಬಹುದಾದ ಡ್ರೈವ್ ಕ್ಲಚ್ ತರಿಸಿದೆ. ನನ್ನ ಎಂಜಿನ್ನಿನ ಶಾಫ್ಟ್ ಒಂದು ಇಂಚಿನ ನೇರ ಶಾಫ್ಟ್, ಕಾಲಿಂಚಿನ ಕೀಲಿ (ಕ್ಲಚ್ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ಇರುವಂಥದ್ದು. ತುದಿಯತ್ತ ಕಿರಿದಾಗುವ ಮೊನಚು ಶಾಫ್ಟಿನ ಕ್ಲಚ್ ಇದಕ್ಕೆ ಕೂರುವುದಿಲ್ಲ, ಆರ್ಡರ್ ಮಾಡುವ ಮುಂಚೆ ಅಳೆಯಲೇಬೇಕು.

ಹಳೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಪುಲ್ಲರ್ ಹಾಕಿ ಕಾಲು ಸುತ್ತು, ಕಾಲು ಸುತ್ತು ಎಂದು ಎಳೆದೆ. ಸುತ್ತಿಗೆಯಲ್ಲಿ ಹೊಡೆಯಬಾರದು, ಆ ಪೆಟ್ಟು ನೇರವಾಗಿ ಕ್ರ್ಯಾಂಕ್ ಬೇರಿಂಗಿಗೆ ಬೀಳುತ್ತದೆ. ಹೊರಬಂದ ಕೀಲಿ ನೋಡಿ ಮೈ ಜುಮ್ಮೆಂದಿತು. ಚೌಕವಾಗಿರಬೇಕಿದ್ದದ್ದು ಒಂದು ಕಡೆ ವಾಲಿ, ಅಂಚು ಮಡಚಿಕೊಂಡಿತ್ತು. ಇನ್ನೊಂದು ತಿಂಗಳು ಓಡಿಸಿದ್ದರೆ ಶಾಫ್ಟಿನಲ್ಲಿ ಕೀಲಿ ಕೂರುವ ಸೀಳನ್ನೇ ತಿಂದುಹಾಕುತ್ತಿತ್ತು.

ಶಾಫ್ಟನ್ನು ಎಮರಿ ಕಾಗದದಲ್ಲಿ ಉಜ್ಜಿ, ಹೊಸ ಕೀಲಿ ಇಟ್ಟೆ. ಹೊಸ ಕ್ಲಚ್ ಕೈಯಲ್ಲೇ ಸರಾಗವಾಗಿ ಜಾರಿ ಕೂತಿತು. ಮುಂದಿನ ಕೆಲಸಕ್ಕೆ ಒಂದು ಪೂರ್ತಿ ಶನಿವಾರ ಹಿಡಿಯಿತು. ಎರಡು ಕ್ಲಚ್‌ಗಳೂ ಒಂದೇ ಗೆರೆಯಲ್ಲಿರಬೇಕು. ನೇರವಾದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಅಡ್ಡ ಹಿಡಿದು ನೋಡಿ, ಕ್ಲಚ್ ಹಿಂದೆ ವಾಷರ್ ಸೇರಿಸಿ, ತೆಗೆದು, ಮತ್ತೆ ಸೇರಿಸಿ ಹೊಂದಿಸಿದೆ. ನಿಂತಾಗ ಸರಿ ಇದ್ದದ್ದು ಎಳೆಯುವಾಗ ಸರಿ ಇರಲಿಲ್ಲ. ರಬ್ಬರ್ ಮೌಂಟ್ ಮೇಲಿನ ಎಂಜಿನ್ ಭಾರ ಬಿದ್ದೊಡನೆ ಹಿಂದಕ್ಕೆ ವಾಲಿ ಬೆಲ್ಟ್ ಸಡಿಲವಾಗುತ್ತಿತ್ತು. ಗಟ್ಟಿ ಮೌಂಟ್ ಹಾಕಿದ ಮೇಲೆಯೇ ಅದು ನಿಂತದ್ದು.

ಊರಿನ ಹಿಟ್ಟಿನ ಗಿರಣಿಯಲ್ಲಿ ಪಟ್ಟೆ ಜಾರಿದರೆ ರಾಳ ಹಚ್ಚುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಇಲ್ಲಿ ಅದು ನಡೆಯುವುದಿಲ್ಲ. ಬೆಲ್ಟ್ ತಟ್ಟೆಯ ಮೇಲೆ ಸರಿದಾಡುತ್ತಲೇ ಇರಬೇಕು, ಅಂಟೂ ಬೇಡ, ಎಣ್ಣೆಯೂ ಬೇಡ. ತಟ್ಟೆಗಳನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ, ಹೊಸ ಬೆಲ್ಟನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಹಾಕಿದೆ. ಮೊದಲ ಕೆಲವು ದಿನ ಮೆಲ್ಲಗೆ ಓಡಿಸಿದೆ.

ಆಮೇಲೆ ತೂಕದ ಹೊಂದಾಣಿಕೆ. ಡ್ರೈವ್ ಕ್ಲಚ್‌ನ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು, ನಾಲ್ಕು ಜನರನ್ನು ಕೂರಿಸಿಕೊಂಡು ಏರು ಹತ್ತಿ, ನಿಲ್ಲಿಸಿ ನೋಡುವುದು. ಬೆಲ್ಟ್ ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಹಗುರ ತೂಕ ಹಾಕಿದ ಮೊದಲ ಸಲ ಎಂಜಿನ್ 3600ಕ್ಕೆ ಹೋಗಿ ಕಿರುಚುತ್ತ ಅಲ್ಲೇ ನಿಂತಿತು. ಗೆರೆ ಅರ್ಧವೂ ಅಳಿಸಿರಲಿಲ್ಲ, ಸಮತಟ್ಟಿನಲ್ಲೂ ಗಾಡಿ ಮುಂದೆ ಹೋಗಲೊಲ್ಲದು. ತುಸು ತೂಕ ಹೆಚ್ಚಿಸಿದೆ. ಮೂರೂ ತೂಕಗಳು ಸಮನಾಗಿರಬೇಕು, ಇಲ್ಲದಿದ್ದರೆ ಕ್ಲಚ್ ನಡುಗುತ್ತದೆ. ಅದಕ್ಕೆ ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿದೆ. ಮೂರನೇ ಸಲಕ್ಕೆ ಕುದುರಿತು: ಹಿಡಿತ 1900ಕ್ಕೆ, ಏರಿನಲ್ಲಿ 3200. ಸಮತಟ್ಟಿನಲ್ಲಿ ಗೆರೆ ಅಂಚಿಗೆ ಒಂದು ಬೆರಳಿನಷ್ಟು ಉಳಿದು ಮಿಕ್ಕದ್ದೆಲ್ಲ ಅಳಿಸಿತ್ತು.

ಇಷ್ಟಾದ ಮೇಲೆ ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ಗವರ್ನರ್ ತೆಗೆದುಬಿಡು, ಹಾರುತ್ತದೆ ಎಂದವರಿದ್ದಾರೆ. ನಾನು ಮುಟ್ಟಿಲ್ಲ, ಯಾರೂ ಮುಟ್ಟಬೇಡಿ. ಇವು ನೀರೆತ್ತುವ ಪಂಪಿಗೆ, ಜನರೇಟರಿಗೆ ಮಾಡಿದ ಎಂಜಿನ್‌ಗಳು. ಮಿತಿ ಮೀರಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಗೋಡೆ ಒಡೆದು ಹೊರಬರುತ್ತದೆ, ಆ ಎಂಜಿನ್ ಇರುವುದು ಸೀಟಿನ ಕೆಳಗೆ. ಇಲ್ಲಿನ ದಾರಿಗಳಲ್ಲಿ ಮಕ್ಕಳು ಸೈಕಲ್ ತುಳಿಯುತ್ತಿರುತ್ತಾರೆ, ಗಾಡಿಗೆ ಗಂಟೆಗೆ 20 ಮೈಲಿ ಮಿತಿಯೂ ಇದೆ. ಥ್ರಾಟಲ್‌ಗೆ ಒಂದು ತಡೆ ಬೋಲ್ಟ್ ಕೂರಿಸಿ, ಜಿಪಿಎಸ್ ನೋಡಿಕೊಂಡು 19ಕ್ಕೆ ನಿಲ್ಲಿಸಿದ್ದೇನೆ. ನನಗೆ ಬೇಕಿದ್ದದ್ದು ಏರು ಹತ್ತುವ ಎಳೆತ, ಅದು ಸಿಕ್ಕಿದೆ.

ಅಮ್ಮ ಊರಿಗೆ ಹೊರಡುವ ಹಿಂದಿನ ಸಂಜೆ ಅದೇ ಸುರಂಗ ದಾಟಿ ಕೆರೆಯವರೆಗೆ ಹೋಗಿಬಂದೆವು. ಅವರು ಹಿಂದಿನ ಸೀಟಿನಲ್ಲಿ ಮೊಮ್ಮಗಳ ಜೊತೆ ಮಾತಾಡುತ್ತಲೇ ಇದ್ದರು, ಏರು ಬಂದದ್ದು ಗೊತ್ತೇ ಆಗಲಿಲ್ಲ. ಮನೆಗೆ ಬಂದು ಬೆಲ್ಟ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೇ. ಡ್ರಿವನ್ ಕ್ಲಚ್‌ನ ತಟ್ಟೆ ಸರಾಗವಾಗಿ ಜಾರಲು ಇರುವ ಪ್ಲಾಸ್ಟಿಕ್ ಗುಂಡಿಗಳು ಸವೆದಿವೆ. ಥ್ರಾಟಲ್ ಬಿಟ್ಟಾಗ ಬೆಲ್ಟ್ ಒಂದು ಕ್ಷಣ ತಡೆದು ಕೆಳಗಿಳಿಯುತ್ತದೆ. ಹೊಸ ಗುಂಡಿಗಳನ್ನು ತರಿಸಿಟ್ಟಿದ್ದೇನೆ, ಬರುವ ಶನಿವಾರ ಆ ಕೆಲಸ.